ಬರ್ಗೆನ್ನಿನ ಮಳೆ ಮತ್ತು ಅತ್ತೆಯವರ ಕೊಡೆ

ಏಪ್ರಿಲ್ ಕೊನೆಯ ವಾರಾಂತ್ಯಕ್ಕೆ ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್‌ಗೆ ಹೊರಡುವುದೆಂದು ತೀರ್ಮಾನವಾದಾಗ, ಆಸ್ಲೋದ ನಮ್ಮ ಮನೆಗೆ ಬಂದಿದ್ದ ಅತ್ತೆಯವರು ಅಲ್ಲಿಯ ಮಳೆಯ ಬಗ್ಗೆ ಮಾತ್ರ ವಿಚಾರಿಸಿದರು. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಸುರಿಯುತ್ತದೆಂದು ಹೇಳಿದ್ದಕ್ಕೆ, ತೀರ್ಥಹಳ್ಳಿಯವರಾದ ಅವರು ಮುಗುಳ್ನಕ್ಕು, ಊರಿನಿಂದ ತಂದಿದ್ದ ಉದ್ದ ಹಿಡಿಯ ಕಪ್ಪು ಕೊಡೆಯನ್ನು ಪೆಟ್ಟಿಗೆಯ ಪಕ್ಕದಲ್ಲಿ ಒರಗಿಸಿದರು.

ಆಸ್ಲೋ–ಬರ್ಗೆನ್ ರೈಲುಮಾರ್ಗ 1909ರದು. 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣದಲ್ಲಿ ಜನ ಸ್ಕೀ ಹೊತ್ತು ಹಿಮಕ್ಕೆ ಇಳಿಯುವುದನ್ನು ಕಂಡು ಅತ್ತೆಯವರು ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡರೇ ಹೊರತು ಏನೂ ಹೇಳಲಿಲ್ಲ.

ಮಲೆನಾಡಿನ ಮಳೆಗೆ ಒಂದು ಮರ್ಯಾದೆಯಿದೆ; ಅದು ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಬರ್ಗೆನ್ನಿನ ಬಂದರುಕಟ್ಟೆಯಲ್ಲಿ ಅದು ಸಮುದ್ರದ ಕಡೆಯಿಂದ ಅಡ್ಡಲಾಗಿ ಬಂದು, ಕಾಲರಿನೊಳಗೆ ನುಗ್ಗಿ, ಯೋಗಕ್ಷೇಮ ವಿಚಾರಿಸಿಕೊಂಡೇ ಹೋಗುತ್ತದೆ. ಕೊಡೆ ಮೊದಲು ಉಬ್ಬಿತು, ಆಮೇಲೆ ಮಗುಚಿತು, ಕೊನೆಗೆ ಕಡ್ಡಿಗಳನ್ನೆಲ್ಲ ಆಕಾಶಕ್ಕೆ ಚಾಚಿ ಶರಣಾಯಿತು. ಹತ್ತಿರದ ಕಸದ ತೊಟ್ಟಿಯಲ್ಲಿ ಅದರ ಬಂಧುಬಳಗ ಆಗಲೇ ನೆರೆದಿತ್ತು. ಸ್ಥಳೀಯರ ಕೈಯಲ್ಲಿ ಕೊಡೆಯೇ ಇರಲಿಲ್ಲ. ಎಲ್ಲರೂ ಟೋಪಿಯಿರುವ ರೇನ್‌ಕೋಟಿನಲ್ಲಿದ್ದರು.

ಹಳೆಯ ಬಂದರುಕೇರಿ ಬ್ರಿಗೆನ್ನಿನ ಮರದ ಮನೆಗಳ ಸೂರಿನಡಿ ನಿಂತು ನಡುಗುತ್ತಾ ನಾನು ಇತಿಹಾಸ ಹೇಳತೊಡಗಿದೆ. ಇಲ್ಲಿ ವಾಸವಾಗಿದ್ದ, ಹನ್ಸಾ ಎಂಬ ವ್ಯಾಪಾರಿ ಒಕ್ಕೂಟದ ಜರ್ಮನ್ ವರ್ತಕರು ಉತ್ತರದ ಒಣಮೀನು ಕೊಂಡು ಧಾನ್ಯ ಮಾರುತ್ತಿದ್ದರು. 1702ರ ಬೆಂಕಿಯಲ್ಲಿ ಇದೆಲ್ಲ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಬೆಂಕಿಯ ಭಯದಿಂದ ಈ ಮನೆಗಳಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ, ಚಳಿ ಕಾಯಿಸಿಕೊಳ್ಳಲು ಹಿಂಬದಿಯ ಪ್ರತ್ಯೇಕ ಕಟ್ಟಡಕ್ಕೇ ಹೋಗಬೇಕಿತ್ತು. ಅವರಿಗೆ ಮದುವೆಯಾಗುವ ಅನುಮತಿಯೂ ಇರಲಿಲ್ಲ. ಅತ್ತೆಯವರು ಕೊನೆಯ ಮಾತನ್ನಷ್ಟೇ ಹಿಡಿದು, “ಸದ್ಯ, ಯಾರ ಮನೆಯ ಹೆಣ್ಣುಮಗಳೋ ಬಚಾವಾದಳು” ಎಂದರು.

ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಬಂತು. ಉಷ್ಣಾಂಶ ಏಳು ಡಿಗ್ರಿ ಇದ್ದಿರಬಹುದು. ಊರಿನವರೆಲ್ಲ ಹೋಟೆಲುಗಳ ಹೊರಗೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಕಪ್ಪು ಕನ್ನಡಕ ಧರಿಸಿ, ಮುಖವನ್ನು ಸೂರ್ಯನಿಗೆ ಒಪ್ಪಿಸಿದರು. ನನ್ನ ಮಗನಿಗೆ ಐಸ್‌ಕ್ರೀಮ್ ಬೇಕಾಯಿತು. ಅದನ್ನು ಹಿಡಿಯಲು ಅವನಿಗೆ ಕೈಗವಸುಗಳೂ ಬೇಕಾದವು.

ನಿಜವಾದ ಪೇಚು ರಾತ್ರಿಯದು. ಮುಸ್ಸಂಜೆಯ ದೀಪ ಹಚ್ಚದೆ ಅತ್ತೆಯವರು ಊಟಕ್ಕೆ ಕೂರುವುದಿಲ್ಲ, ಆ ಊರಿನ ಸೂರ್ಯನೋ ಒಂಬತ್ತು ಕಳೆದರೂ ಮುಳುಗುವುದಿಲ್ಲ. ಮಾಡಿಟ್ಟ ಅನ್ನ ಎರಡು ಸಲ ಬಿಸಿಯಾಗಿ ಮತ್ತೆರಡು ಸಲ ಆರಿತು. ಅಂತೂ ದೀಪ ಹಚ್ಚಿ, ಊದುಬತ್ತಿಯನ್ನೂ ಬೆಳಗಿದ್ದೇ ತಡ, ಬಾಡಿಗೆ ಮನೆಯ ಚಾವಣಿಯ ಹೊಗೆ ಎಚ್ಚರಿಕೆ ಯಂತ್ರ ಕಿವಿ ಹರಿಯುವಂತೆ ಚೀರತೊಡಗಿತು. ನಾನು ಕುರ್ಚಿ ಹತ್ತಿ ಅದರ ಗುಂಡಿ ಹುಡುಕುತ್ತಿದ್ದಾಗ, ಪಕ್ಕದ ಮನೆಯವರು ಆ ಚಳಿಯಲ್ಲೂ ಟೀ ಶರ್ಟಿನಲ್ಲೇ ಓಡಿಬಂದರು. ಅತ್ತೆಯವರು ಅವರ ಅಂಗೈಗೆ ಕಲ್ಲುಸಕ್ಕರೆ ಹಾಕಿದರು. ಅದನ್ನು ಬಾಯಿಗೆ ಹಾಕಿಕೊಂಡು, ಹೊರಗೆ ಇನ್ನೂ ಬೆಳಕಿರುವಾಗ ದೀಪವೇಕೆ ಎಂದು ಅವರು ಕೇಳಿದರು. ನಾನು ಕುರ್ಚಿಯ ಮೇಲಿನಿಂದಲೇ ಅನುವಾದಿಸಿದೆ.

“ನಾನೂ ಸಂಜೆ ಆರರಿಂದ ಅದನ್ನೇ ಕೇಳುತ್ತಿದ್ದೇನೆ” ಎಂದರು ಅತ್ತೆ.