ಇಂಗ್ಲಿಷ್ ಸ್ವರಕ್ಕೆ ಹ್ರಸ್ವ-ದೀರ್ಘದ ಲೆಕ್ಕ ಸಾಲದು

ಇಂಗ್ಲಿಷ್ ಎಂ.ಎ. ಮಾಡಿದ ಯಾರನ್ನೇ ಕೇಳಿ, ಸ್ವರ ಬರೆಯೋಕೆ ಐದು ಅಕ್ಷರ, ಮಾತಿನಲ್ಲಿ 20 ಸ್ವರ ಅಂತ ಥಟ್ಟನೆ ಹೇಳುತ್ತಾರೆ. 12 ಶುದ್ಧ ಸ್ವರ, 8 ಡಿಫ್ತಾಂಗ್, ಅಂದರೆ ಒಂದರಿಂದ ಇನ್ನೊಂದಕ್ಕೆ ಜಾರುವ ಜೋಡಿ ಸ್ವರ. ಬಾಯಿಪಾಠ ಪಕ್ಕಾ. ಒಂದು ಸ್ವರ ಇನ್ನೊಂದಕ್ಕಿಂತ ಹೇಗೆ ಬೇರೆ ಅಂತ ಕೇಳಿದರೆ ಮಾತ್ರ ಒಂದೇ ಉತ್ತರ: ಇದು ಹ್ರಸ್ವ, ಅದು ದೀರ್ಘ. ನನ್ನ ತಕರಾರು ಇರುವುದು ಅಲ್ಲೇ.

ಇ-ಈ, ಉ-ಊ ತಿದ್ದಿ ಬೆಳೆದವರು ನಾವು. ಹಾಗಾಗಿ ಈ ಉತ್ತರ ನಮಗೆ ಹಿತವಾಗಿದೆ. 'ಶಿಪ್' ಹ್ರಸ್ವ, 'ಶೀಪ್' ದೀರ್ಘ, ಮುಗೀತು! ಆದರೆ ಬ್ರಿಟಿಷ್ ಉಚ್ಚಾರಣೆಯಲ್ಲಿ ಇವೆರಡಕ್ಕೂ ನಾಲಗೆ ನಿಲ್ಲುವ ಜಾಗವೇ ಬೇರೆ. 'ಶೀಪ್'ನಲ್ಲಿ ನಾಲಗೆ ಮೇಲೆದ್ದು ಮುಂದಕ್ಕೆ ಬರುತ್ತದೆ. 'ಶಿಪ್'ನಲ್ಲಿ ಕೊಂಚ ಕೆಳಗೆ, ಕೊಂಚ ಹಿಂದೆ, ಸಡಿಲವಾಗಿ ನಿಲ್ಲುತ್ತದೆ. ಇನ್ನು ಉದ್ದದ ಕಥೆ ಕೇಳಿ. ಮಣಿ ಅನ್ನುವ ಅರ್ಥದ 'ಬೀಡ್'ನಲ್ಲೂ ಹೊಡೆ ಅನ್ನುವ ಅರ್ಥದ 'ಬೀಟ್'ನಲ್ಲೂ ಇರುವುದು ಒಂದೇ ದೀರ್ಘ ಸ್ವರ. ಆದರೆ ಮುಂದೆ ಟ್ ಬಂದರೆ ಅದು ಮೊಟಕಾಗುತ್ತದೆ. ಎಷ್ಟೋ ಸಲ 'ಬೀಟ್'ನ ದೀರ್ಘವೂ 'ಬಿಡ್'ನ ಹ್ರಸ್ವವೂ ಹೆಚ್ಚುಕಮ್ಮಿ ಒಂದೇ ಉದ್ದ ಇರುತ್ತವೆ. ಬರೀ ಉದ್ದ ನಂಬಿದವರು ಆಗ ಏನು ಮಾಡಬೇಕು?

ಬಾಯೊಳಗೆ ನೋಡಬೇಕು, ಅಷ್ಟೇ. ನಾಲಗೆ ಎಷ್ಟು ಎತ್ತರಕ್ಕೆ ಏಳುತ್ತದೆ, ಅದರ ಮುಂಭಾಗ ಏಳುತ್ತದೋ ನಡುವೋ ಹಿಂಭಾಗವೋ, ತುಟಿ ದುಂಡಗಾಗುತ್ತದಾ. ಸ್ವರಗಳನ್ನು ವಿಂಗಡಿಸುವುದು ಮುಖ್ಯವಾಗಿ ಹೀಗೆ. ಈಗಲೇ 'ಈ' ಅಂತ ಎಳೆದು, ಉಸಿರು ಕಡಿಯದೆ 'ಊ'ಗೆ ಜಾರಿ ನೋಡಿ. ನಾಲಗೆ ಹಿಂದಕ್ಕೆ ಸರಿಯುವುದು, ತುಟಿ ಮುಂದಕ್ಕೆ ಬರುವುದು ಎರಡೂ ಗೊತ್ತಾಗುತ್ತದೆ. ಡಾಕ್ಟರು ಗಂಟಲು ನೋಡುವಾಗ 'ಆ' ಅನ್ನಿಸುವುದೂ ಸುಮ್ನೆ ಅಲ್ಲ. ಆಗ ನಾಲಗೆ ತಳ ಹಿಡಿದಿರುತ್ತದೆ.

ಲಂಡನ್ನಿನ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಇದನ್ನು ನಾಲಗೆ ಮೇಲೆ ಸೀಸದ ಸಣ್ಣ ಸರಪಳಿ ಇಟ್ಟು, ಎಕ್ಸ್-ರೇ ತೆಗೆಸಿಯೇ ತೋರಿಸಿದರು. ಅವರ ಉಚ್ಚಾರಣೆಯ ನಿಘಂಟು ಬಂದಿದ್ದು 1917ರಲ್ಲಿ. ನಾವು ಉರು ಹೊಡೆಯುವ ಪಟ್ಟಿಯ ಬೇರು ಆ ಪರಂಪರೆಯಲ್ಲಿದೆ. ಪಟ್ಟಿ ಉಳಿಯಿತು, ಬಾಯಿ ನೋಡುವ ಅಭ್ಯಾಸ ಹೋಯಿತು.

ಇದರಲ್ಲಿ ಜಾಸ್ತಿ ಪೆಟ್ಟು ತಿಂದಿದ್ದು ಶ್ವಾ. 'ಅಬೌಟ್'ನ ಮೊದಲಿಗೆ, 'ಟೀಚರ್'ನ ಕೊನೆಗೆ ಬರುವ ಮೆತ್ತನೆಯ ಸ್ವರ. ನಾಲಗೆ ನಟ್ಟನಡುವೆ, ತುಟಿಗೆ ಕೆಲಸವೇ ಇಲ್ಲ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಬರುವ ಸ್ವರ ಇದೇ. ಅದಕ್ಕೆಂದೇ ಒಂದು ಅಕ್ಷರ ಇಲ್ಲವಲ್ಲ, ನಾವು ಸ್ಪೆಲಿಂಗ್ ನೋಡಿಕೊಂಡು ಎಲ್ಲವನ್ನೂ ಒತ್ತಿ ಒತ್ತಿ ಹೇಳುತ್ತೇವೆ.

ನಾವೆಲ್ಲ ಬ್ರಿಟಿಷರ ಹಾಗೇ ಮಾತಾಡಬೇಕು ಅಂತ ಹೇಳುತ್ತಿಲ್ಲ. 'ಡೇ', 'ಗೋ' ಅಂತ ಜಾರದೆ ನೇರವಾಗಿ ಹೇಳುವುದು ನಮ್ಮ ಇಂಗ್ಲಿಷಿನ ರೀತಿ, ಅದಕ್ಕೆ ನಾಚಿಕೆ ಯಾಕೆ? ಅಲ್ಲಿಯವರೇ ಬದಲಾಗಿದ್ದಾರೆ. ಖಂಡಿತ ಅನ್ನುವ ಅರ್ಥದ sure ಪದವನ್ನು 'ಶುಅ' ಅನ್ನುತ್ತಿದ್ದವರ ಮೊಮ್ಮಕ್ಕಳಲ್ಲಿ ಬಹಳಷ್ಟು ಜನ ಈಗ 'ಶೋ' ಅಂತ ಎಳೆಯುತ್ತಾರೆ. ಎಂಟು ಡಿಫ್ತಾಂಗ್‌ಗಳಲ್ಲಿ ಒಂದು ಅಲ್ಲೇ ಉದುರುತ್ತಿದೆ. ಇಲ್ಲಿ ಮಾತ್ರ ಇನ್ನೂ 8 ಅಂತ ಬರೆದರೇ ಮಾರ್ಕ್ಸು.