ಕೆಳಮನೆ ಅಜ್ಜಿಯ ಪೇಪರ್, ಅಪ್ಪನ ಪೇಪರ್

"ಪೇಪರ್ ನಿಲ್ಲಿಸಿಬಿಟ್ಟೆ ಕಣೋ. ಎಲ್ಲಾ ಫೋನಲ್ಲೇ ಬರುತ್ತಲ್ಲ" ಅಂದರು ಅಪ್ಪ. ಆಗ ನಾನು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ, ನಮ್ಮ ಮನೆ ಮೆಟ್ಟಿಲ ಮೇಲಿದ್ದೆ. ಕೆಳಮನೆ ಅಜ್ಜಿ ಓದಿ ಮುಗಿಸಿ ಕೊಟ್ಟ ಆವತ್ತಿನ ಪೇಪರ್ ಕೈಯಲ್ಲಿತ್ತು. ಮನಸ್ಸಿಗೆ ಚುರುಕ್ ಅಂದಿತು.

ಅಪ್ಪ ನಿಲ್ಲಿಸಿದ್ದು 'ಆಂದೋಲನ'. 1972ರಲ್ಲಿ ರಾಜಶೇಖರ ಕೋಟಿಯವರು ಧಾರವಾಡದಲ್ಲಿ ಶುರು ಮಾಡಿ, ಆಮೇಲೆ ಮೈಸೂರಿಗೆ ತಂದ ಪತ್ರಿಕೆ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಅದರ ದೊಡ್ಡ ತಲೆಬರಹಗಳಿಂದ.

ಅಜ್ಜಿಯದು 'ಶ್ವೇಬಿಶೆಸ್ ಟಾಗ್‌ಬ್ಲಾಟ್'. ಈ ಊರಿನ ದಿನಪತ್ರಿಕೆ. ಬೆಳಿಗ್ಗೆ ಆರರೊಳಗೆ ಬಾಗಿಲ ಪಕ್ಕದ ಡಬ್ಬಿಗೆ ಬಂದು ಬೀಳುತ್ತದೆ. ಅಜ್ಜಿ ಮೊದಲು ತೆಗೆಯುವುದು ನಿಧನ ವಾರ್ತೆಯ ಪುಟ. ಕಪ್ಪು ಗೆರೆಯ ಚೌಕಗಳ ಮೇಲೆ ಬೆರಳಿಟ್ಟು, ಹೆಸರು ಹೆಸರಾಗಿ ಓದುತ್ತಾರೆ. ಗೊತ್ತಿರುವವರಿದ್ದರೆ ಬೆರಳು ಅಲ್ಲೇ ನಿಲ್ಲುತ್ತದೆ. ಆಮೇಲೆ ಓದುಗರ ಪತ್ರಗಳು. ಸೇತುವೆ, ಬಸ್ಸು, ಸೈಕಲ್ ದಾರಿ, ಮರ ಕಡಿದದ್ದು, ಎಲ್ಲಕ್ಕೂ ಊರಿನವರು ಬರೆಯುತ್ತಾರೆ. ಒಬ್ಬರಿಗೆ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಕೆಲವು ಜಗಳ ವಾರಗಟ್ಟಲೆ ನಡೆಯುತ್ತವೆ. ಹೆಸರು, ಊರು ಹಾಕಿಯೇ ಬರೆಯಬೇಕು. ಮುಖ ಮುಚ್ಚಿಕೊಂಡು ಬೈಯುವ ಹಾಗಿಲ್ಲ.

ಎರಡು ವಾರ ಮಗಳ ಮನೆಗೆ ಹೋದಾಗ ಅಜ್ಜಿ ಪೇಪರ್ ನಿಲ್ಲಿಸಲಿಲ್ಲ. "ಎತ್ತಿಡು" ಅಂತ ನನಗೆ ಹೇಳಿ ಹೋದರು. ಬಂದ ಮೇಲೆ ಹನ್ನೆರಡನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು ಕೂತು ಓದಿದರು. ಭಾನುವಾರ ಪೇಪರ್ ಇಲ್ಲ, ಅದಕ್ಕೇ ಹನ್ನೆರಡು.

ಈ ಪತ್ರಿಕೆ ಹುಟ್ಟಿದ್ದು 1945ರ ಸೆಪ್ಟೆಂಬರಿನಲ್ಲಿ. ಯುದ್ಧ ಮುಗಿದು ನಾಲ್ಕು ತಿಂಗಳಷ್ಟೇ ಆಗಿತ್ತು. ಊರು ಫ್ರೆಂಚ್ ಸೈನ್ಯದ ಕೈಯಲ್ಲಿತ್ತು, ಅವರ ಲೈಸೆನ್ಸ್ ಇಲ್ಲದೆ ಒಂದು ಹಾಳೆಯನ್ನೂ ಅಚ್ಚು ಹಾಕುವಂತಿರಲಿಲ್ಲ. ಕಾಗದಕ್ಕೂ ಬರ. ಹಾಗಾಗಿ ಮೊದಮೊದಲು ದಿನಾ ಬರುತ್ತಿರಲಿಲ್ಲ. ಅದಕ್ಕೂ ಮುಂಚೆ ಇಲ್ಲಿದ್ದದ್ದು 'ಟ್ಯೂಬಿಂಗರ್ ಕ್ರೋನಿಕ್'. ಅದು ವೈಲ್ ಎಂಬ ಯಹೂದಿ ಮನೆತನದ್ದಾಗಿತ್ತು. 1930ರಲ್ಲಿ ಅವರು ಮಾರಿದರು. ಆಮೇಲೆ ಅದು ನಾಜಿಗಳ ಬಾಯಾಯಿತು. ಪತ್ರಿಕೆ ಕೈ ತಪ್ಪಿದರೆ ಏನಾಗುತ್ತದೆ ಅಂತ ಈ ಊರು ಕಣ್ಣಾರೆ ಕಂಡಿದೆ. ಅದಕ್ಕೇ ಇಲ್ಲಿನ ಹಿರಿಯರು ಚಂದಾ ಕಟ್ಟುವುದನ್ನು ಮನೆ ತೆರಿಗೆ ಕಟ್ಟಿದಷ್ಟೇ ಸಹಜವಾಗಿ ಮಾಡುತ್ತಾರೆ ಅಂತ ನನಗನ್ನಿಸುತ್ತದೆ.

ಪಕ್ಕದ ರೊಟ್ಟನ್‌ಬುರ್ಗ್‌ನಲ್ಲಿ ಇದೇ ಪತ್ರಿಕೆ 'ರೊಟ್ಟನ್‌ಬುರ್ಗರ್ ಪೋಸ್ಟ್' ಅನ್ನುವ ಹೆಸರಲ್ಲಿ ಬರುತ್ತದೆ. ಮ್ಯೋಸಿಂಗೆನ್ ಕಡೆ 'ಸ್ಟೈನ್‌ಲಾಖ್ ಬೋಟೆ'. ಬಸ್ಸಲ್ಲಿ ಅರ್ಧ ಗಂಟೆ ದೂರದ ಊರಿಗೂ ತನ್ನದೇ ಹೆಸರಿನ ಪೇಪರ್ ಬೇಕು!

ನಮಗೆ ಮಾತ್ರ ಊರಿನ ಪತ್ರಿಕೆ ಅಂದರೆ ಸಣ್ಣದು, ಸುಮ್ನೆ ಒಂದು ಪೇಪರ್. ನಾಲ್ಕು ಇಡ್ಲಿಗೆ ಕೊಡುವ ದುಡ್ಡು ಇದಕ್ಕೆ ಜಾಸ್ತಿ ಅನ್ನಿಸುತ್ತದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಕೂಡ ಒಂದು ಊರಿನ ಹೆಸರು ಹೊತ್ತ ಪುಟ್ಟ ಪತ್ರಿಕೆಯೇ ಅಲ್ವಾ? 1843ರ ಜುಲೈ 1ರಂದು ಅದನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗೆನ್‌ನಲ್ಲಿ. ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದೂ ಇಲ್ಲೇ. ಕಲ್ಲು ಹಾಸಿದ ಈ ಗಲ್ಲಿಗಳಲ್ಲಿ ನಡೆಯುವಾಗ ನನಗೆ ಅದು ನೆನಪಾಗದ ದಿನವಿಲ್ಲ. ವರ್ಷಕ್ಕೊಮ್ಮೆ ಜುಲೈ 1ರಂದು ಪತ್ರಿಕಾ ದಿನ ಆಚರಿಸಿ ಹಾರ ಹಾಕುತ್ತೇವೆ. ಮರುದಿನ ಚಂದಾ ನಿಲ್ಲಿಸುತ್ತೇವೆ.

ಇದನ್ನೆಲ್ಲ ಅಪ್ಪನಿಗೆ ಸಿಟ್ಟಿನಲ್ಲೇ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು.

ಇಲ್ಲಿಯ ಕಥೆಯೂ ಪೂರ್ತಿ ಚೆನ್ನಾಗಿಲ್ಲ ಅನ್ನುವುದನ್ನೂ ಹೇಳಬೇಕು. ಟಾಗ್‌ಬ್ಲಾಟ್‌ನ ಪ್ರಸಾರ ಒಂದು ಕಾಲದಲ್ಲಿ 40 ಸಾವಿರ ದಾಟಿತ್ತು. ಈಗ ಅಷ್ಟಿಲ್ಲ. ದೇಶ ವಿದೇಶದ ಸುದ್ದಿ ಪುಟಗಳು ಉಲ್ಮ್‌ನ 'ಸ್ಯೂಡ್‌ವೆಸ್ಟ್ ಪ್ರೆಸ್ಸೆ'ಯಿಂದ ಬರುತ್ತವೆ, ಊರಿನ ಪುಟಗಳಷ್ಟೇ ಇಲ್ಲಿ ತಯಾರಾಗುತ್ತವೆ. ಅಜ್ಜಿಯ ಮೊಮ್ಮಕ್ಕಳು ಪೇಪರ್ ಮುಟ್ಟುವುದಿಲ್ಲ. ನಾನೂ ಆರು ವರ್ಷದಿಂದ ಅಜ್ಜಿಯದನ್ನೇ ಓದುತ್ತಿದ್ದೇನೆ, ಚಂದಾ ಕಟ್ಟಿಲ್ಲ. ಇಲ್ಲಿ ಒಂದು ಪ್ರತಿಗೆ ಒಂದು ಮನೆ. ನಮ್ಮಲ್ಲಿ ಹೋಟೆಲಿನ ಒಂದು ಪ್ರತಿಯನ್ನು ಹಾಳೆ ಬಿಡಿಸಿ ಇಪ್ಪತ್ತು ಜನ ಓದುತ್ತಾರೆ. ಆ ಇಪ್ಪತ್ತು ಜನ ಯಾವ ಪ್ರಸಾರದ ಲೆಕ್ಕಕ್ಕೂ ಸಿಗುವುದಿಲ್ಲ.

ಹೋದ ಭಾನುವಾರ ಅಪ್ಪನಿಗೆ ಫೋನ್ ಮಾಡಿ, "ವರ್ಷದ ಚಂದಾ ನಾನೇ ಕಟ್ಟುತ್ತೇನೆ, ಮತ್ತೆ ಹಾಕಿಸಿಕೊಳ್ಳಿ" ಅಂದೆ.

"ಹಾಕೋ ಹುಡುಗ ಎಲ್ಲಿದ್ದಾನಪ್ಪಾ? ಊಟ ತಲುಪಿಸೋ ಕೆಲಸಕ್ಕೆ ಸೇರಿದ. ಎರಡು ತಿಂಗಳು ಕಾದೆ, ಬೇರೆ ಯಾರೂ ಬರಲಿಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಫೋನಿನ ನೆಪ ಹೇಳಿದೆ" ಅಂದರು.

ಈಗ ಬೆಳಿಗ್ಗೆ ವಾಕಿಂಗ್ ಮುಗಿಸಿ ಅಗ್ರಹಾರದ ಹೋಟೆಲಿನಲ್ಲಿ ಕೂತು ಓದಿ ಬರುತ್ತಾರಂತೆ. ನಡುವಿನ ಹಾಳೆ ಯಾವಾಗಲೂ ಬೇರೆಯವರ ಕೈಯಲ್ಲಿರುತ್ತದಂತೆ. ಅದು ಸಿಗುವವರೆಗೆ ಇನ್ನೊಂದು ಕಾಫಿ.