ಮೂಗಿಗಿಂತ ಮೂಗುತಿ ಭಾರ

ಕಳೆದ ಭಾನುವಾರ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಮಂಚದ ಮೇಲೆ ಉರುಳಿದ್ದೆ. ಅಕ್ಕನ ಮಗ, ಒಂಬತ್ತನೇ ಕ್ಲಾಸು, ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ. ಕಾಲು ಒತ್ತಲು ಶುರು ಮಾಡಿದ. ಹುಟ್ಟಿದಾಗಿನಿಂದ ಈ ಹುಡುಗ ನನ್ನ ಕಾಲು ಒತ್ತಿದ್ದು ಇದೇ ಮೊದಲು. ನಿದ್ದೆ ಹಾರಿಹೋಯಿತು.

"ಮಾಮ, ಒಂದು 449 ರೂಪಾಯಿ ಹಾಕ್ತೀಯಾ?"

"ಯಾತಕ್ಕೋ?"

"ಗನ್ನಿಗೆ ಬಣ್ಣ ಹಾಕಿಸ್ಬೇಕು."

ಮೊಬೈಲ್ ಆಟದ ಗನ್ನು. ಈಗಿರುವುದು ಬೂದು ಬಣ್ಣದ್ದಂತೆ. ದುಡ್ಡು ಕೊಟ್ಟರೆ ನೀಲಿ ಬೆಂಕಿ ಉರಿಯುವಂಥದ್ದು ಬರುತ್ತದಂತೆ.

"ಬಣ್ಣ ಹಾಕಿದ್ರೆ ಗುಂಡು ಜೋರಾಗಿ ಹೋಗುತ್ತೇನೋ?"

"ಇಲ್ಲ ಮಾಮ, ಅಷ್ಟೇ ಹೋಗುತ್ತೆ."

"ಗುರಿ ಸರಿಯಾಗುತ್ತಾ?"

"ಇಲ್ಲ."

"ಮತ್ತೇನಾಗುತ್ತೆ?"

"ಚೆನ್ನಾಗಿ ಕಾಣುತ್ತೆ."

"ಯಾರಿಗೆ?"

ಹುಡುಗ ಪ್ರಾಮಾಣಿಕ. ಸ್ವಲ್ಪ ಯೋಚಿಸಿಯೇ ಹೇಳಿದ. "ನನ್ನನ್ನ ಸಾಯಿಸಿದೋರಿಗೆ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಪಾಪ, ಅವರ ಕಾಲದಲ್ಲಿ ಜುಟ್ಟಾದರೂ ನಿಜವಾಗಿ ಇರುತ್ತಿತ್ತು.

ಇದಕ್ಕೆ ಡಿಎಲ್‌ಸಿ ಅಂತಾರೆ, ಅಂದರೆ ಡೌನ್‌ಲೋಡಬಲ್ ಕಂಟೆಂಟ್. ಆಟ ಮಾರಿದ ಮೇಲೆ ಅದಕ್ಕೇ ಬಾಲ, ಕೋಡು, ಗೆಜ್ಜೆ ಎಲ್ಲ ಬಿಡಿಬಿಡಿಯಾಗಿ ಮಾರುವ ಪದ್ಧತಿ. ಇದರ ಪ್ರಸಿದ್ಧ ಪೂರ್ವಜ ಒಂದು ಕುದುರೆ. ಸುಮ್ನೆ ಹೇಳ್ತಿಲ್ಲ, ನಿಜವಾಗಿಯೂ ಕುದುರೆ.

2006ರ ಏಪ್ರಿಲ್. ಅಮೆರಿಕದ ಬೆಥೆಸ್ಡಾ ಕಂಪನಿ 'ಎಲ್ಡರ್ ಸ್ಕ್ರೋಲ್ಸ್ 4: ಒಬ್ಲಿವಿಯನ್' ಅನ್ನುವ ಆಟ ಬಿಡುಗಡೆ ಮಾಡಿ ಆಗಿನ್ನೂ ಎರಡು ವಾರ ಕಳೆದಿತ್ತು. ಅರವತ್ತು ಡಾಲರ್ ಕೊಟ್ಟು ಆಟ ಕೊಂಡವರು ಕುದುರೆ ಹತ್ತಿ ಕಾಡುಮೇಡು ಸುತ್ತುತ್ತಿದ್ದರು. ಆಗ ಕಂಪನಿ ಹೇಳಿತು: ಸ್ವಾಮಿ, ನಿಮ್ಮ ಕುದುರೆಗೊಂದು ಕವಚ ಹೊಲಿಸಿದ್ದೇವೆ. ಎಕ್ಸ್‌ಬಾಕ್ಸ್ ಅನ್ನುವ ಆಟದ ಯಂತ್ರದಲ್ಲಿ ಬೆಲೆ ಎರಡೂವರೆ ಡಾಲರ್, ಆಗಿನ ಲೆಕ್ಕದಲ್ಲಿ ನೂರಾ ಹತ್ತು ರೂಪಾಯಿ ಆಸುಪಾಸು. ಆ ಕಾಲದಲ್ಲಿ ಅಷ್ಟಕ್ಕೆ ಇಬ್ಬರು ಹೊಟ್ಟೆ ತುಂಬ ಊಟ ಮಾಡಿ ಬರಬಹುದಿತ್ತು.

ದುಡ್ಡು ಕಟ್ಟಿದ ತಕ್ಷಣ ಕವಚ ಕುದುರೆಯ ಮೈಮೇಲೆ ಬಂದು ಕೂರುತ್ತದೆ ಅಂದ್ಕೋಬೇಡಿ. ಆಟದೊಳಗಿನ ರಾಜಧಾನಿಯ ಹೊರಗೆ ಒಂದು ಲಾಯ. ಅಲ್ಲಿಗೆ ಹೋಗಿ, ಲಾಯದ ಹೆಂಗಸನ್ನು ಮಾತಾಡಿಸಿ, ಉಕ್ಕಿನದು ಬೇಕೋ ಇನ್ನೊಂದು ನಮೂನೆಯದು ಬೇಕೋ ಅಂತ ಹೇಳಬೇಕು. ಮೊದಲ ಕವಚ ಪುಕ್ಕಟೆ ಅನ್ನುತ್ತಾಳೆ. ಪುಕ್ಕಟೆ! ಆಚೆ ಗೇಟಿನಲ್ಲಿ ಟಿಕೆಟ್ ಹರಿಸಿಕೊಂಡು ಒಳಗೆ ಬಿಟ್ಟು, ಇಲ್ಲಿ ಪ್ರಸಾದ ಉಚಿತ ಅಂದಹಾಗೆ. ಎರಡನೇ ಕುದುರೆಗೂ ಬೇಕು ಅಂದರೆ ಆಟದ ಚಿನ್ನದಲ್ಲಿ 500 ಎಣಿಸಬೇಕು.

ಜಗತ್ತೆಲ್ಲ ಬಿದ್ದು ಬಿದ್ದು ನಕ್ಕಿತು. ಬೈದಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅನ್ನುವ ಗಾದೆ ಎರಡೂವರೆ ಡಾಲರಿಗೂ ಸರಿಹೋಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಕಂಪನಿಗೆ ಮಾತ್ರ ಬೇರೆಯೇ ಪಾಠ ಸಿಕ್ಕಿತು, ಯಾಕೆಂದರೆ ಬೈದವರಲ್ಲೂ ಎಷ್ಟೋ ಜನ ಕವಚ ಕೊಂಡಿದ್ದರು. 2009ರ ಏಪ್ರಿಲ್ ಒಂದರಂದು, ಮೂರ್ಖರ ದಿನ ಅಂತ, ಕಂಪನಿಯವರು ಒಂದು ತಮಾಷೆ ಮಾಡಿದರು. ಈ ಆಟದ ಉಳಿದ ಎಲ್ಲ ಬಾಲಗಳಿಗೆ ಅರ್ಧ ಬೆಲೆ. ಕುದುರೆ ಕವಚಕ್ಕೆ ಮಾತ್ರ ಡಬಲ್. ಅವತ್ತೂ ಜನ ಕವಚ ಕೊಂಡರು. ಮೂರ್ಖರ ದಿನವನ್ನು ಅದಕ್ಕಿಂತ ಶ್ರದ್ಧೆಯಿಂದ ಯಾರೂ ಆಚರಿಸಿಲ್ಲ.

ಆ ಕುದುರೆಯ ವಂಶ ಈಗ ಬೆಳೆದಿದೆ. 2024ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಬಂಗಾರದ ಸಾಜು ಹೊದ್ದ ಡೈನೋಸಾರ್ ಒಂದು ಬಂತು. ಬೆಲೆ 90 ಡಾಲರ್, ಏಳೂವರೆ ಸಾವಿರ ರೂಪಾಯಿ. ಅದರ ಬೆನ್ನ ಮೇಲೆ ಒಬ್ಬ ಹರಾಜು ಹಾಕುವವನೂ ಒಂದು ಅಂಚೆ ಡಬ್ಬವೂ ಇರುತ್ತವೆ. ಅಂದರೆ ಕೊಂಡ ವಸ್ತುವಿನ ಮೇಲೆ ಕೂತು ಇನ್ನಷ್ಟು ಕೊಳ್ಳಬಹುದು. ಆ ದುಡ್ಡಿಗೆ ನಮ್ಮೂರ ಸಂತೆಯಲ್ಲಿ ಆಡಿನ ಮರಿ ಸಿಗುತ್ತದೆ. ಕಡೇ ಪಕ್ಷ ಗೊಬ್ಬರನಾದರೂ ಹಾಕುತ್ತದೆ.

ಆದರೆ ನನ್ನ ಮನಸ್ಸು ಗೆದ್ದಿದ್ದು ಕುದುರೆಯೂ ಅಲ್ಲ, ಡೈನೋಸಾರೂ ಅಲ್ಲ. ಧೂಳು.

'ದಿ ಸಿಮ್ಸ್ 4' ಅಂತ ಒಂದು ಆಟ. ಯುದ್ಧವಿಲ್ಲ, ರಾಕ್ಷಸರಿಲ್ಲ. ಪುಟ್ಟ ಪುಟ್ಟ ಜನರನ್ನು ಮನೆಯಲ್ಲಿಟ್ಟು ಸಂಸಾರ ಮಾಡಿಸುವುದು. 2022ರ ಅಕ್ಟೋಬರಿನಿಂದ ಈ ಆಟ ಪೂರ್ತಿ ಬಿಟ್ಟಿ. ಬಿಟ್ಟಿ ಸಿಕ್ಕಿದರೆ ನನಗೊಂದು ನಮ್ಮಪ್ಪಂಗೊಂದು ಅಂತ ನಾನೂ ಇಳಿಸಿಕೊಂಡೆ. ಆಮೇಲೆ ಅಂಗಡಿ ಕಡೆ ಕಣ್ಣು ಹಾಯಿಸಿದೆ. ನಾಯಿ ಬೆಕ್ಕು ಬೇಕಾದರೆ ಬೇರೆ ದುಡ್ಡು. ಮಳೆ ಚಳಿ ಬೇಕಾದರೆ ಬೇರೆ ದುಡ್ಡು. ಎಲ್ಲವನ್ನೂ ಪೂರ್ತಿ ಬೆಲೆಗೆ ಕೊಂಡರೆ ಸಾವಿರ ಡಾಲರ್ ದಾಟುತ್ತದೆ. ಮೂಗು ಬಿಟ್ಟಿ, ಮೂಗುತಿಗೆ ಮಾತ್ರ ಲಕ್ಷದ ಹತ್ತಿರ.

ಅದರಲ್ಲೊಂದು 2018ರ ಬಟ್ಟೆ ಒಗೆಯುವ ಪ್ಯಾಕು. ಹತ್ತು ಡಾಲರ್. ಇದನ್ನು ಕೊಂಡರೆ ನಿಮ್ಮ ಬೊಂಬೆ ಜನರ ಬಟ್ಟೆ ಕೊಳೆಯಾಗುತ್ತದೆ. ಅದನ್ನು ಒಗೆದು, ಹಗ್ಗದ ಮೇಲೆ ಒಣಹಾಕುವ ಸೌಭಾಗ್ಯ ನಿಮ್ಮದಾಗುತ್ತದೆ. ಅಮ್ಮನಿಗೆ ಇದನ್ನು ತೋರಿಸಿದೆ. ಕನ್ನಡಕ ಮೇಲೆತ್ತಿ ಐದು ನಿಮಿಷ ನೋಡಿದರು. "ನಮ್ಮನೇದು ಮೂರು ಬಕೆಟ್ ನೆನೆಸಿಟ್ಟಿದೀನಿ, ಬಂದು ಒಗಿ. ನಾನೇನೂ ದುಡ್ಡು ಕೇಳಲ್ಲ" ಅಂದರು.

2021ರಲ್ಲಿ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ಧೂಳಿನ ಕಿಟ್ ಬಂತು. ಐದು ಡಾಲರ್. ಅಲ್ಲಿಯವರೆಗೆ ಆ ಆಟದ ಮನೆಗಳಲ್ಲಿ ಧೂಳೇ ಇರಲಿಲ್ಲ. ಸ್ವರ್ಗ. ಐದು ಡಾಲರ್ ಕೊಟ್ಟರೆ ನೆಲದ ಮೇಲೆ ಧೂಳು ಕೂರಲು ಶುರುವಾಗುತ್ತದೆ. ಗುಡಿಸದೆ ಬಿಟ್ಟರೆ ಹೆಚ್ಚುತ್ತಾ ಹೋಗುತ್ತದೆ. ಅದನ್ನು ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಕೂಡ ಅದೇ ಕಿಟ್ಟಿನಲ್ಲಿದೆ. ರೋಗ, ಔಷಧಿ ಎರಡೂ ಒಂದೇ ಪೊಟ್ಟಣದಲ್ಲಿ.

ಬೆಂಗಳೂರಿನಲ್ಲಿ ಮೆಟ್ರೋ ಕಂಬದ ಪಕ್ಕದ ಮನೆಯಲ್ಲಿ ಆರು ವರ್ಷ ಇದ್ದವನು ನಾನು. ಬೆಳಿಗ್ಗೆ ಒರೆಸಿದ ಟಿವಿ ಮೇಲೆ ಸಂಜೆ ಹೆಸರು ಬರೆಯಬಹುದಿತ್ತು. ಆ ಆರು ವರ್ಷದಲ್ಲಿ ಎಷ್ಟು ಡಾಲರಿನ ಸರಕು ನನ್ನ ಶ್ವಾಸಕೋಶದಲ್ಲಿ ಜಮೆಯಾಯಿತೋ ಲೆಕ್ಕ ಹಾಕಿ ತಲೆ ತಿರುಗಿತು. ಬಾಡಿಗೆ ಜಾಸ್ತಿ ಅಂತ ಓನರ್ ಜೊತೆ ಜಗಳ ಆಡುತ್ತಿದ್ದೆನಲ್ಲ, ಈಗ ಪಶ್ಚಾತ್ತಾಪ ಆಗುತ್ತಿದೆ.

ಇನ್ನೊಂದು ಜಾತಿಯ ವ್ಯಾಪಾರವಿದೆ. ಮಾರುವಾಗಲೇ ಒಂದು ಕೋಣೆಗೆ ಬೀಗ ಹಾಕಿ ಮಾರುವುದು. 2012ರಲ್ಲಿ ಜಪಾನಿನ ಕ್ಯಾಪ್ಕಾಮ್ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್' ಬಿಟ್ಟಿತು. ಅದರಲ್ಲಿ ಹನ್ನೆರಡು ಜಟ್ಟಿಗಳು ಡಿಸ್ಕಿನಲ್ಲೇ ಇದ್ದರು. ನೀವು ದುಡ್ಡು ಕೊಟ್ಟು ಮನೆಗೆ ತಂದ ಡಿಸ್ಕು, ನಿಮ್ಮ ಶೋಕೇಸಿನಲ್ಲೇ ಇದೆ. ಒಳಗಿರುವ ಜಟ್ಟಿಗಳನ್ನು ಹೊರಗೆ ಕರೆಯಲು ಮಾತ್ರ ಇನ್ನೊಂದು ಸಲ ದುಡ್ಡು. ಫ್ಲ್ಯಾಟ್ ಕೊಂಡ ಯಾರಿಗೂ ಇದು ಹೊಸದಲ್ಲ ಬಿಡಿ. ಕಾರ್ ಪಾರ್ಕಿಂಗಿಗೆ ಬೇರೆ, ಕ್ಲಬ್ ಹೌಸಿಗೆ ಬೇರೆ, ಪಾರ್ಕು ಕಾಣುವ ಕಿಟಕಿಗೆ ಬೇರೆ. ವ್ಯತ್ಯಾಸ ಇಷ್ಟೇ. ಬಯಲಿನ ಪಾರ್ಕಿಂಗ್, ಕಂಬದ ಕೆಳಗಿನ ಪಾರ್ಕಿಂಗ್ ಎಲ್ಲ ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಅಂತ 2010ರಲ್ಲಿ ಮುಂಬೈನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಜಟ್ಟಿಗಳ ಪರವಾಗಿ ಇನ್ನೂ ಯಾರೂ ಕೋರ್ಟಿಗೆ ಹೋಗಿಲ್ಲ.

2017ರಲ್ಲಿ ಇಎ ಕಂಪನಿಯ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬಂದಾಗ ಕಥೆ ಇನ್ನೂ ಚೆನ್ನಾಗಿತ್ತು. ಸ್ಟಾರ್ ವಾರ್ಸ್ ಸಿನಿಮಾಗಳ ಹೆಸರಾಂತ ಖಳ ಡಾರ್ತ್ ವೇಡರ್ ಆಗಿ ಆಡಬೇಕಾದರೆ ಆಟದೊಳಗಿನ 60,000 ಕ್ರೆಡಿಟ್ ಗಳಿಸಬೇಕಿತ್ತು. ಇದಕ್ಕೆ 40 ಗಂಟೆ ಬೇಕು ಅಂತ ಆಟಗಾರನೊಬ್ಬ ಲೆಕ್ಕ ಹಾಕಿದ. ಅಷ್ಟು ಗಂಟೆ ದುಡಿದರೆ ನಮ್ಮಲ್ಲಿ ಒಂದು ವಾರದ ಸಂಬಳ. ಜನ ರೆಡ್ಡಿಟ್ ಅನ್ನುವ ಚರ್ಚೆಯ ವೆಬ್‌ಸೈಟಿನಲ್ಲಿ ಹೋಗಿ ಕೇಳಿದರು. ನಾಯಕರನ್ನು ಬಿಡಿಸಿಕೊಂಡಾಗ ನಿಮಗೊಂದು ಹೆಮ್ಮೆ, ಸಾಧಿಸಿದ ಭಾವನೆ ಬರಲಿ ಅಂತ ಹೀಗೆ ಮಾಡಿದ್ದೇವೆ ಅಂತ ಕಂಪನಿಯಿಂದ ಉತ್ತರ ಬಂತು. ಆ ಉತ್ತರಕ್ಕೆ ಆರು ಲಕ್ಷಕ್ಕೂ ಹೆಚ್ಚು ಜನ ಹೆಬ್ಬೆರಳು ಕೆಳಗೆ ಮಾಡಿದರು. ಗಿನ್ನೆಸ್ ಪುಸ್ತಕದಲ್ಲಿ ದಾಖಲೆಯಾಯಿತು. ಸಾಧಿಸಿದ ಹೆಮ್ಮೆ ಒಟ್ಟಿನಲ್ಲಿ ಯಾರಿಗಾದರೂ ಸಿಕ್ಕಿತಲ್ಲ.

ಮುಂದಿನ ಸಲ ಯಾರಾದರೂ ಆರ್‌ಟಿಓ ಆಫೀಸಿನಲ್ಲಿ ನಾಲ್ಕು ಕೌಂಟರ್ ಸುತ್ತಿಸಿದರೆ ಬೈಬೇಡಿ. ಲೈಸೆನ್ಸ್ ಕೈಗೆ ಬಂದಾಗ ಹೆಮ್ಮೆಯಾಗಲಿ ಅಂತಲೇ ಸುತ್ತಿಸಿರುತ್ತಾರೆ.

ಎಲ್ಲವೂ ಮೋಸ ಅಂತ ನಾನು ಹೇಳಲ್ಲ. ಪೋಲೆಂಡಿನವರು 'ವಿಚರ್ 3' ಮಾಡಿದಾಗ ಹದಿನಾರು ಚಿಲ್ಲರೆ ಬಾಲಗಳನ್ನು ಬಿಟ್ಟಿ ಕೊಟ್ಟರು. ಅದರಲ್ಲಿ ಗಡ್ಡ ಮತ್ತು ಕೇಶವಿನ್ಯಾಸವೂ ಸೇರಿತ್ತು. ನಮ್ಮ ಬೀದಿಯ ಸಲೂನಿನಲ್ಲೂ ಅದು ಬಿಟ್ಟಿಯಿಲ್ಲ. 2016ರಲ್ಲಿ 'ಬ್ಲಡ್ ಆ್ಯಂಡ್ ವೈನ್' ಅಂತ ಇಪ್ಪತ್ತು ಡಾಲರಿನ ದೊಡ್ಡ ಭಾಗ ಬಂತು. ಹೊಸ ಸೀಮೆ, ಹೊಸ ಕಥೆ. ಅಷ್ಟು ದಿನ ಊರೂರು ಅಲೆದ ನಾಯಕನಿಗೆ ಕೊನೆಗೆ ದ್ರಾಕ್ಷಿ ತೋಟ, ಸ್ವಂತ ಮನೆ. ಆ ವರ್ಷ ಪೂರ್ತಿ ಆಟಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಬಾಲಕ್ಕೇ ದಿ ಗೇಮ್ ಅವಾರ್ಡ್ಸ್‌ನಲ್ಲಿ ರೋಲ್ ಪ್ಲೇಯಿಂಗ್, ಅಂದರೆ ಪಾತ್ರವಾಗಿ ಆಡುವ ಆಟಗಳ ವಿಭಾಗದ ಪ್ರಶಸ್ತಿ ಸಿಕ್ಕಿತು. ಇದು ಕಾಸಿಗೆ ತಕ್ಕ ಕಜ್ಜಾಯ ಅಲ್ಲ, ಕಾಸಿಗಿಂತ ದೊಡ್ಡ ಕಜ್ಜಾಯ. ತೊಂದರೆ ಏನೆಂದರೆ, ಇದನ್ನು ಮಾಡಲು ವರ್ಷಗಟ್ಟಲೆ ಬೆವರು ಸುರಿಸಬೇಕು. ಧೂಳಿಗೆ ಅಷ್ಟು ಕಷ್ಟವಿಲ್ಲ.

ಹಾಗಂತ ಕೊಂಡಿದ್ದು ನಮ್ಮದೇ ಅಂದ್ಕೋಬಾರದು. 'ದಿ ಕ್ರೂ' ಅನ್ನುವ ಕಾರ್ ಓಟದ ಆಟ 2014ರಲ್ಲಿ ಬಂತು. ಇಂಟರ್ನೆಟ್ ಇಲ್ಲದೆ ಆಡುವಂತಿರಲಿಲ್ಲ. 2024ರ ಮಾರ್ಚ್ 31ಕ್ಕೆ ಅದರ ಕಂಪನಿ ಯುಬಿಸಾಫ್ಟ್ ಸರ್ವರ್ ಆರಿಸಿತು. ಆಟ, ದುಡ್ಡು ಕೊಟ್ಟು ಕೊಂಡ ಕಾರುಗಳು ಎಲ್ಲ ಗೋವಿಂದ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಬಂತು. ಹೀಗೆ ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದಾದ ಸರಕಿಗೆ ಸುಮ್ಮನೆ 'ಖರೀದಿಸಿ' ಅಂತ ಬರೆಯುವಂತಿಲ್ಲ, ಇದು ಬರೀ ಲೈಸೆನ್ಸು ಅಂತ ಸ್ಪಷ್ಟವಾಗಿ ಹೇಳಬೇಕು. 2025ರ ಜನವರಿಯಿಂದ ಜಾರಿ. ಈಗ ಕಿತ್ತುಕೊಳ್ಳುವುದು ನಿಂತಿಲ್ಲ, ಮೊದಲೇ ಹೇಳಿ ಕಿತ್ತುಕೊಳ್ಳುತ್ತಾರೆ.

ಅಂದಹಾಗೆ ನಮ್ಮ ಹುಡುಗನ ವಿಷಯ. ಗನ್ನಿನ ಬಣ್ಣದ ಬೆಲೆ ರೂಪಾಯಿಯಲ್ಲಿ ಇರಲಿಲ್ಲ, 400 ನಾಣ್ಯ. ಅಂಗಡಿಯಲ್ಲಿ ಸಿಗುವುದು 300ರ ಪೊಟ್ಟಣ, ಇಲ್ಲಾಂದ್ರೆ 600ರ ಪೊಟ್ಟಣ. ಅದಕ್ಕೇ 449. ಮಾಲ್‌ನ ಫುಡ್ ಕೋರ್ಟ್ ಕಾರ್ಡಿನ ಲೆಕ್ಕ ಇದು. 500 ಹಾಕಿಸಿ, 460ಕ್ಕೆ ತಿಂದು, ಉಳಿದ 40 ರೂಪಾಯಿ ವಾಪಸ್ ಕೇಳಲು ನಾಚಿಕೆಯಾಗಿ ಕಾರ್ಡು ಜೇಬಿಗಿಳಿಸುತ್ತೇವಲ್ಲ. ನನ್ನ ಪರ್ಸಿನಲ್ಲಿ ಅಂಥ ಮೂರು ಕಾರ್ಡಿವೆ. ಒಂದು ಮಾಲ್ ಮುಚ್ಚಿಯೇ ಹೋಗಿದೆ.

"ಉಳಿದ 200 ನಾಣ್ಯ ಏನ್ಮಾಡ್ತೀಯೋ?"

"ಇನ್ನೊಂದು 200 ಹಾಕಿದ್ರೆ ಇನ್ನೊಂದು ಬಣ್ಣ ಬರುತ್ತೆ ಮಾಮ."

ಅರ್ಧ ಗಂಟೆ ಬುದ್ಧಿ ಹೇಳಿದೆ. ಕುದುರೆಯ ಕಥೆ, ಧೂಳಿನ ಕಥೆ, ಎಲ್ಲ. ಹುಡುಗ ಕಾಲು ಒತ್ತುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಆಮೇಲೆ ನನ್ನ ಲ್ಯಾಪ್‌ಟಾಪ್ ಕಡೆ ಕೈ ತೋರಿಸಿದ. "ಹಂಗಾದ್ರೆ ಅದೇನು?"

ಒಬ್ಲಿವಿಯನ್‌ಗೆ 2025ರ ಏಪ್ರಿಲಿನಲ್ಲಿ ಹೊಸ ಬಣ್ಣ ಬಳಿದು ಮತ್ತೆ ಬಿಟ್ಟಿದ್ದಾರೆ. ಸಾದಾ ಆವೃತ್ತಿ ಒಂದು, ಡೀಲಕ್ಸ್ ಒಂದು. ಡೀಲಕ್ಸ್‌ಗೆ ಹತ್ತು ಡಾಲರ್ ಜಾಸ್ತಿ. ಅದರಲ್ಲಿ ಏನಿದೆ ಗೊತ್ತಲ್ಲ. ಹೊಸ ನಮೂನೆಯ ಕುದುರೆ ಕವಚ.

ಡೌನ್‌ಲೋಡ್ ಅರ್ಧಕ್ಕೆ ನಿಂತಿತ್ತು. ಆಟಕ್ಕೆ 120 ಜಿಬಿ ಮೇಲೆ ಜಾಗ ಬೇಕು, ನನ್ನ ಲ್ಯಾಪ್‌ಟಾಪಿನಲ್ಲಿ ಅಷ್ಟಿಲ್ಲ. ಹುಡುಗನಿಗೆ 449 ಕಳಿಸಿದೆ, ಅಕ್ಕನಿಗೆ ಹೇಳಬಾರದು ಅನ್ನುವ ಷರತ್ತಿನ ಮೇಲೆ. ಅವನು ಈಗ ನನಗೆ ಜಾಗ ಜಾಸ್ತಿ ಇರುವ ಹೊಸ ಎಸ್‌ಎಸ್‌ಡಿ ಡ್ರೈವ್ ಎಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಹುಡುಕಿಕೊಡುತ್ತಿದ್ದಾನೆ.